ತಿಮಿಂಗಿಲ ಯಾಕೆ ಪಕ್ಕಕ್ಕೆ ಸರಿಯುವುದಿಲ್ಲ?

ಹಡಗು ಬಡಿದು ತಿಮಿಂಗಿಲ ಸತ್ತಿತು ಎಂಬ ಸುದ್ದಿ ಓದಿದವರು ಮೊದಲು ಕೇಳುವುದು ಇದನ್ನೇ. ಅಷ್ಟು ದೊಡ್ಡ ಹಡಗು ಅಷ್ಟೊಂದು ಸದ್ದು ಮಾಡಿಕೊಂಡು ಬರುತ್ತಿದ್ದರೆ ಅದು ಪಕ್ಕಕ್ಕೆ ಸರಿಯಬಾರದಿತ್ತಾ? ಕಡಲಿನಲ್ಲಿ ಜಾಗಕ್ಕೇನು ಕೊರತೆ? ತಿಮಿಂಗಿಲದ ಕಿವಿಯೂ ಚುರುಕು. ಹಾಗಿದ್ದರೂ ಯಾಕೆ ಹೀಗಾಗುತ್ತದೆ?

ಪ್ರಶ್ನೆ ಸರಿಯಾಗಿಯೇ ಇದೆ. ವಿಜ್ಞಾನಿಗಳು ಇದರ ಹಿಂದೆ ವರ್ಷಗಟ್ಟಲೆ ಬಿದ್ದಿದ್ದಾರೆ. ಅವರಿಗೆ ಹೆಚ್ಚಿನ ಉತ್ತರ ಸಿಕ್ಕಿದ್ದು ಅಮೆರಿಕ ಮತ್ತು ಕೆನಡಾದ ಪೂರ್ವ ಕರಾವಳಿಯಲ್ಲಿ ಬದುಕುವ ಒಂದು ತಿಮಿಂಗಿಲದಿಂದ. ಅದರ ಹೆಸರು ನಾರ್ತ್ ಅಟ್ಲಾಂಟಿಕ್ ರೈಟ್ ತಿಮಿಂಗಿಲ. ಇಡೀ ಜಗತ್ತಿನಲ್ಲಿ ಈಗ ಉಳಿದಿರುವುದು ಸುಮಾರು 380 ಮಾತ್ರ. ಅವುಗಳಲ್ಲಿ ಮರಿ ಹಾಕುವ ಹೆಣ್ಣುಗಳು 70ರ ಆಸುಪಾಸು. ನಮ್ಮ ಒಂದು ಸಣ್ಣ ಹಳ್ಳಿಯ ಜನಸಂಖ್ಯೆ ಕೂಡ ಇದಕ್ಕಿಂತ ಜಾಸ್ತಿ ಇರುತ್ತದೆ.

ಇದು ಸಣ್ಣ ಪ್ರಾಣಿಯಲ್ಲ. ಬೆಳೆದ ತಿಮಿಂಗಿಲ 50 ಅಡಿ ಉದ್ದ ಇರುತ್ತದೆ, 60 ಟನ್ ದಾಟಿ ತೂಗುತ್ತದೆ. 70 ವರ್ಷ ಬದುಕಬಲ್ಲದು. ಮೈ ಕಪ್ಪು, ಬೆನ್ನ ಮೇಲೆ ರೆಕ್ಕೆ ಇಲ್ಲ. ತಲೆಯ ಮೇಲೆ ಒರಟಾದ ಬಿಳಿ ಗಂಟುಗಳಿರುತ್ತವೆ. ಈ ಗಂಟುಗಳ ವಿನ್ಯಾಸ ಒಂದಕ್ಕಿದ್ದಂತೆ ಇನ್ನೊಂದಕ್ಕೆ ಇರುವುದಿಲ್ಲ. ಹಾಗಾಗಿ ಸಂಶೋಧಕರಿಗೆ ಹೆಚ್ಚುಕಮ್ಮಿ ಪ್ರತಿಯೊಂದು ತಿಮಿಂಗಿಲದ ಗುರುತೂ ಇದೆ. ಬಾಸ್ಟನ್ ನಗರದ ನ್ಯೂ ಇಂಗ್ಲೆಂಡ್ ಅಕ್ವೇರಿಯಂ ಇವುಗಳ ಫೋಟೋ ದಾಖಲೆಯನ್ನು ದಶಕಗಳಿಂದ ಇಟ್ಟುಕೊಂಡು ಬಂದಿದೆ. ಯಾವುದು ಯಾರ ಮಗಳು, ಯಾವ ವರ್ಷ ಎಲ್ಲಿ ಕಂಡಿತ್ತು, ಮೈಮೇಲಿನ ಯಾವ ಗಾಯ ಯಾವಾಗ ಆದದ್ದು ಎಂಬುದೆಲ್ಲ ಅದರಲ್ಲಿದೆ.

ಶತಮಾನಗಳ ಕಾಲ ಇವನ್ನು ಎಣ್ಣೆಗಾಗಿ ಬೇಟೆಯಾಡಿದರು. ನಿಧಾನವಾಗಿ ಈಜುತ್ತವೆ, ದಡದ ಹತ್ತಿರವೇ ಇರುತ್ತವೆ, ಕೊಂದರೆ ಮುಳುಗದೆ ತೇಲುತ್ತವೆ. ಬೇಟೆಗಾರರಿಗೆ ಇನ್ನೇನು ಬೇಕು? 1935ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ಬೇಟೆಗೆ ತಡೆ ಬಿತ್ತು. ನಂತರ ಸಂಖ್ಯೆ ನಿಧಾನವಾಗಿ ಏರಿತು. 2010ರ ಹೊತ್ತಿಗೆ 480ರ ಹತ್ತಿರ ಬಂತು. ಅಲ್ಲಿಂದ ಮತ್ತೆ ಇಳಿಯಿತು. ಈ ಸಲ ಕೊಲ್ಲಬೇಕೆಂದು ಯಾರೂ ಹೊರಟಿರಲಿಲ್ಲ. ಹಡಗುಗಳು ತಮ್ಮ ಪಾಡಿಗೆ ಓಡಾಡುತ್ತಿದ್ದವು. ಮೀನುಗಾರರು ಏಡಿ, ಲಾಬ್‌ಸ್ಟರ್ ಹಿಡಿಯಲು ಹಗ್ಗ ಇಳಿಸುತ್ತಿದ್ದರು. ಇವತ್ತಿಗೂ ಈ ತಿಮಿಂಗಿಲಗಳ ಸಾವಿಗೆ ದೊಡ್ಡ ಕಾರಣಗಳು ಇವೆರಡೇ. ಹಗ್ಗಕ್ಕೆ ಸಿಕ್ಕಿ ನರಳುವುದರ ಬಗ್ಗೆ ಬೇರೆಯೇ ಒಂದು ಲೇಖನ ಬರೆಯಬಹುದು. ಇಲ್ಲಿ ಹಡಗಿನ ಕಥೆಯನ್ನಷ್ಟೇ ಹೇಳುತ್ತೇನೆ.

ಕಾಣುವುದೇ ಇಲ್ಲ

ತಿಮಿಂಗಿಲ ಅಂದರೆ ಕಡಲಿನ ಆಳದ ಪ್ರಾಣಿ ಎಂದು ನಾವು ಅಂದುಕೊಂಡಿರುತ್ತೇವೆ. ರೈಟ್ ತಿಮಿಂಗಿಲ ದಿನದ ಬಹಳಷ್ಟು ಹೊತ್ತು ನೀರಿನ ಮೇಲ್ಭಾಗದಲ್ಲೇ ಕಳೆಯುತ್ತದೆ. ಅದರ ಊಟ ಅಕ್ಕಿಕಾಳಿಗಿಂತ ದೊಡ್ಡದಲ್ಲದ ಕೋಪೆಪಾಡ್ ಎಂಬ ಜೀವಿ. ಬಾಯಿ ಅಗಲಿಸಿಕೊಂಡು ನಿಧಾನವಾಗಿ ಮುಂದೆ ಹೋಗುತ್ತಾ ಕೋಟಿಗಟ್ಟಲೆ ಕೋಪೆಪಾಡ್‌ಗಳನ್ನು ಸೋಸಿ ತಿನ್ನುತ್ತದೆ. ಕೇಪ್ ಕಾಡ್ ಕೊಲ್ಲಿಯಲ್ಲಿ ವಸಂತಕಾಲದಲ್ಲಿ ಈ ಜೀವಿಗಳು ಮೇಲೆಯೇ ದಟ್ಟವಾಗಿರುತ್ತವೆ. ಆಗ ತಿಮಿಂಗಿಲವೂ ಮೇಲ್ಮೈಯಿಂದ ಕೆಲವೇ ಅಡಿ ಕೆಳಗೆ ಗಂಟೆಗಟ್ಟಲೆ ಮೇಯುತ್ತದೆ. ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಆದರೆ ಹಡಗಿನ ತಳ ಆ ಆಳವನ್ನು ಸುಲಭವಾಗಿ ಮುಟ್ಟುತ್ತದೆ.

ಬಾಣಂತಿಯ ಕಥೆ ಇನ್ನೂ ಕಷ್ಟದ್ದು. ಚಳಿಗಾಲದಲ್ಲಿ ಬಸುರಿ ತಿಮಿಂಗಿಲಗಳು ದಕ್ಷಿಣಕ್ಕೆ ಬರುತ್ತವೆ. ಜಾರ್ಜಿಯಾ, ಫ್ಲಾರಿಡಾದ ದಡದ ಹತ್ತಿರ ಮರಿ ಹಾಕುತ್ತವೆ. ಹುಟ್ಟಿದ ಮರಿ ಮತ್ತೆ ಮತ್ತೆ ಉಸಿರಿಗೆ ಮೇಲೆ ಬರಬೇಕು, ಆಳಕ್ಕೆ ಹೋಗಲಾರದು. ತಾಯಿ ಅದನ್ನು ಬಿಟ್ಟು ಹೋಗುವುದಿಲ್ಲ. ಹಾಗಾಗಿ ಎರಡೂ ಮೇಲ್ಮೈಗೆ ಅಂಟಿಕೊಂಡೇ ಇರುತ್ತವೆ. ದಡದ ಹತ್ತಿರದ ಅದೇ ನೀರಿನಲ್ಲಿ ಬಂದರಿಗೆ ಹೋಗಿ ಬರುವ ಹಡಗುಗಳಿವೆ, ಗಾಳ ಹಾಕಲು ಹೊರಟ ಮೋಟಾರ್ ಬೋಟುಗಳಿವೆ.

ಹಡಗಿನ ಮೇಲಿರುವವರ ಕಡೆಯಿಂದಲೂ ನೋಡೋಣ. ಕಂಟೇನರ್ ಹಡಗಿನಲ್ಲಿ ಚುಕ್ಕಾಣಿ ಕೋಣೆ ಎಷ್ಟೋ ಮಾಳಿಗೆ ಎತ್ತರದಲ್ಲಿರುತ್ತದೆ. ಎಷ್ಟೋ ಹಡಗುಗಳಲ್ಲಿ ಅದು ಹಿಂದುಗಡೆ ಇರುತ್ತದೆ. ಮೂತಿಯ ಮುಂದಿನ ನೀರು ಅಲ್ಲಿಂದ ಕಾಣುವುದೇ ಇಲ್ಲ. ರಾತ್ರಿ, ಮಂಜು, ಅಲೆ ಇದ್ದರೆ ಕೇಳಲೇಬೇಡಿ. ಕಂಡರೂ ಬ್ರೇಕ್ ಹಾಕಿ ನಿಲ್ಲಿಸುವಂತಿಲ್ಲ. ಪೂರ್ತಿ ವೇಗದಲ್ಲಿರುವ ದೊಡ್ಡ ಹಡಗು ನಿಲ್ಲಲು ಕಿಲೋಮೀಟರ್‌ಗಿಂತ ಜಾಸ್ತಿ ದೂರ ಬೇಕು. ಬಡಿದದ್ದು ಕೂಡ ಹಲವು ಸಲ ಗೊತ್ತಾಗುವುದಿಲ್ಲ. ಮೂತಿಗೆ ಸಿಕ್ಕಿಕೊಂಡ ತಿಮಿಂಗಿಲದ ಹೆಣವನ್ನು ಬಂದರಿಗೆ ಬಂದ ಮೇಲೆ ನೋಡಿದ ಸಿಬ್ಬಂದಿ ಇದ್ದಾರೆ. ನಾವಿಕರಿಗೆ ಕರುಣೆ ಇಲ್ಲ ಎಂದು ದೂರುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಅಷ್ಟು ಎತ್ತರದಲ್ಲಿ ನಿಂತು, ಅಷ್ಟು ವೇಗದಲ್ಲಿ ಹೋಗುವವರಿಗೆ ನೋಡಿ ತಪ್ಪಿಸುವ ದಾರಿಯೇ ಇಲ್ಲ.

ಕೇಳಿಸಿದರೂ ಸರಿಯುವುದಿಲ್ಲ

ಈಗ ಮೊದಲಿನ ಪ್ರಶ್ನೆಗೆ ಬರೋಣ. ತಿಮಿಂಗಿಲಕ್ಕೆ ಹಡಗಿನ ಸದ್ದು ಕೇಳುತ್ತದೆ, ಅಲ್ವಾ?

ಕೇಳುತ್ತದೆ. 2004ರಲ್ಲಿ ಒಂದು ಮುಖ್ಯ ಅಧ್ಯಯನ ಪ್ರಕಟವಾಯಿತು. ಸಂಶೋಧಕರು ರೈಟ್ ತಿಮಿಂಗಿಲಗಳ ಬೆನ್ನಿಗೆ ಸಣ್ಣ ಉಪಕರಣ ಅಂಟಿಸಿ ನೀರಿನಲ್ಲಿ ಬೇರೆಬೇರೆ ಸದ್ದು ಕೇಳಿಸಿದರು. ಹಡಗಿನ ಸದ್ದಿಗೆ ಅವು ಹೆಚ್ಚುಕಮ್ಮಿ ಏನೂ ಮಾಡಲಿಲ್ಲ. ನಿಜವಾದ ಹಡಗು ಹತ್ತಿರ ಬಂದಾಗಲೂ ಅಷ್ಟೇ. ತಮ್ಮ ಪಾಡಿಗೆ ಮೇಯುತ್ತಾ ಇದ್ದವು. ನಂತರ ವಿಶೇಷವಾಗಿ ತಯಾರಿಸಿದ ಒಂದು ಎಚ್ಚರಿಕೆಯ ಸದ್ದು ಹಾಕಿದರು. ಅದಕ್ಕೆ ಮಾತ್ರ ಜೋರಾಗಿ ಪ್ರತಿಕ್ರಿಯೆ ಬಂತು. ಮೇವು ಬಿಟ್ಟು ರಭಸದಿಂದ ಮೇಲೆ ಬಂದು ಮೇಲ್ಮೈಯ ಸ್ವಲ್ಪ ಕೆಳಗೇ ಉಳಿದವು. ಹಡಗು ಬಡಿಯುವ ಜಾಗವೇ ಅದು! ಹಾರನ್ ಹೊಡೆದು ಓಡಿಸಿದರಾಯಿತು ಎಂಬ ಆಸೆ ಅಲ್ಲಿಗೆ ಮುಗಿಯಿತು.

ಯಾಕೆ ಹೀಗೆ? ಒಂದು ಕಾರಣ ಅಭ್ಯಾಸ. ಹುಟ್ಟಿದಾಗಿನಿಂದ ಸುತ್ತಲೂ ಎಂಜಿನ್ ಸದ್ದೇ ಇದ್ದರೆ ಅದು ಅಪಾಯದ ಗುರುತಾಗಿ ಉಳಿಯುವುದಿಲ್ಲ. ಪ್ರತಿ ಸದ್ದಿಗೂ ಊಟ ಬಿಟ್ಟು ಓಡಿದರೆ ಹೊಟ್ಟೆ ತುಂಬುವುದು ಯಾವಾಗ? ಇನ್ನೊಂದು ಕಾರಣ ಭೌತಶಾಸ್ತ್ರದ್ದು. ಹಡಗಿನ ಸದ್ದಿನ ಮುಖ್ಯ ಮೂಲ ಹಿಂಭಾಗದ ಪ್ರೊಪೆಲ್ಲರ್. ಮುಂದೆ ಬರುವ ಸದ್ದಿಗೆ ಹಡಗಿನ ಒಡಲೇ ಅಡ್ಡವಾಗುತ್ತದೆ. ಹಾಗಾಗಿ ಮೂತಿಯ ನೇರ ಎದುರಿಗೆ ಸದ್ದು ತಗ್ಗುತ್ತದೆ, ಪಕ್ಕಗಳಲ್ಲಿ ಜಾಸ್ತಿ ಇರುತ್ತದೆ. ನೀರಿನ ಮೇಲ್ಮೈಗೆ ತೀರಾ ಹತ್ತಿರ ಕಡಿಮೆ ಕಂಪನದ, ಅಂದರೆ ದಪ್ಪ ದನಿಯ, ಸದ್ದು ಇನ್ನಷ್ಟು ಕುಗ್ಗುತ್ತದೆ. ಅಂದರೆ ಹಡಗಿನ ಎದುರಿಗೆ, ಮೇಲ್ಮೈಯಲ್ಲಿ ಇರುವ ತಿಮಿಂಗಿಲಕ್ಕೇ ಎಚ್ಚರಿಕೆ ಸಿಗುವುದು ಕಷ್ಟ. ಎಲ್ಲಿ ಅಪಾಯ ಅತಿ ಹೆಚ್ಚೋ ಅಲ್ಲೇ ಸದ್ದು ಕಡಿಮೆ.

ಮೂರನೆಯದು ಸಮಯದ ಕೊರತೆ. ತಿಮಿಂಗಿಲದ ವಂಶ ಕೋಟ್ಯಂತರ ವರ್ಷ ಹಳೆಯದು. ಅದು ಕಲಿತದ್ದೆಲ್ಲ ಶಾರ್ಕ್‌ಗಳಿಂದ, ತಿಮಿಂಗಿಲವನ್ನೂ ಬೇಟೆಯಾಡುವ ಓರ್ಕಾ ಎಂಬ ದೊಡ್ಡ ಡಾಲ್ಫಿನ್‌ಗಳಿಂದ ತಪ್ಪಿಸಿಕೊಳ್ಳುವ ವಿದ್ಯೆ. ದಾರಿ ಬದಲಿಸದೆ ನೇರ ನುಗ್ಗುವ ಸಾವಿರಾರು ಟನ್ ಉಕ್ಕು ಅದರ ಪ್ರಪಂಚಕ್ಕೆ ಬಂದು ಇನ್ನೂ 200 ವರ್ಷ ಆಗಿಲ್ಲ. ಅದಕ್ಕೆ ಈ ಪಾಠ ಕಲಿಯಲು ಸಮಯ ಸಿಕ್ಕಿಲ್ಲ.

10 ನಾಟ್ ಎಂಬ ಗೆರೆ

ತಿಮಿಂಗಿಲ ಬದಲಾಗುವುದಿಲ್ಲ ಎಂದಾದರೆ ಬದಲಾಗಬೇಕಾದದ್ದು ಹಡಗು. ಎಷ್ಟು ಬದಲಾಗಬೇಕು?

ಕಡಲಿನಲ್ಲಿ ವೇಗವನ್ನು ನಾಟ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್. ಹಡಗು 20 ನಾಟ್ ವೇಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 10 ಮೀಟರ್ ಸಾಗುತ್ತದೆ. 200 ಮೀಟರ್ ದೂರದಲ್ಲಿರುವ ತಿಮಿಂಗಿಲದ ಹತ್ತಿರ 20 ಸೆಕೆಂಡಿನಲ್ಲಿ ಬಂದುಬಿಡುತ್ತದೆ. 10 ನಾಟ್ ಆದರೆ 40 ಸೆಕೆಂಡ್ ಸಿಗುತ್ತದೆ. ಒಂದು ಉಸಿರು ತೆಗೆದುಕೊಂಡು ಕೆಳಗೆ ಮುಳುಗಲು ಅಷ್ಟು ಸಾಕಾಗಬಹುದು. ಬಡಿದರೂ ಪೆಟ್ಟಿನ ಬಲ ಬಹಳ ಕಡಿಮೆ.

ಹಿಂದಿನ ಡಿಕ್ಕಿಗಳ ದಾಖಲೆ ಇಟ್ಟುಕೊಂಡು ಕೆನಡಾದ ಇಬ್ಬರು ಸಂಶೋಧಕರು 2007ರಲ್ಲಿ ಒಂದು ಲೆಕ್ಕ ಹಾಕಿದರು. ಹಡಗು 15 ನಾಟ್ ವೇಗದಲ್ಲಿ ಬಡಿದರೆ ತಿಮಿಂಗಿಲ ಸಾಯುವಂಥ ಗಾಯ ಆಗುವ ಸಾಧ್ಯತೆ ನೂರಕ್ಕೆ ಸುಮಾರು 80. ವೇಗ 8.6 ನಾಟ್‌ಗೆ ಇಳಿದರೆ ಅದು 20ಕ್ಕೆ ಇಳಿಯುತ್ತದೆ. ವೇಗವನ್ನು ಅರ್ಧದಷ್ಟು ಇಳಿಸಿದರೆ ಅಪಾಯ ಕಾಲು ಭಾಗಕ್ಕೆ ಬರುತ್ತದೆ ಅಂದ ಹಾಗಾಯಿತು. ಹೊಸ ತಂತ್ರಜ್ಞಾನ ಬೇಡ, ಹೊಸ ಹಡಗು ಕಟ್ಟುವುದು ಬೇಡ. ಇಷ್ಟು ಸುಲಭದ ಪರಿಹಾರ ಪರಿಸರದ ಸಮಸ್ಯೆಗಳಲ್ಲಿ ಸಿಗುವುದು ಅಪರೂಪ.

2008ರ ಕೊನೆಗೆ ಅಮೆರಿಕ ಕಾನೂನು ತಂದಿತು. ಪೂರ್ವ ಕರಾವಳಿಯ ಗೊತ್ತಾದ ಜಾಗಗಳಲ್ಲಿ, ಗೊತ್ತಾದ ತಿಂಗಳುಗಳಲ್ಲಿ, 65 ಅಡಿ ಅಥವಾ ಅದಕ್ಕಿಂತ ಉದ್ದದ ಹಡಗುಗಳು 10 ನಾಟ್ ಮೀರಬಾರದು. ಆ ಜಾಗಗಳಲ್ಲಿ ಸಾವು ಕಡಿಮೆಯಾಯಿತು. ಆದರೆ ಕಾನೂನಿನಲ್ಲಿ ಒಂದು ದೊಡ್ಡ ಕಿಂಡಿ ಉಳಿದಿತ್ತು.

2021ರ ಫೆಬ್ರುವರಿಯಲ್ಲಿ ಫ್ಲಾರಿಡಾದ ಸೇಂಟ್ ಅಗಸ್ಟೀನ್ ಬಳಿ ಒಂದು ಗಾಳದ ಮೀನುಗಾರಿಕೆಯ ಬೋಟು ವಾಪಸ್ ದಡಕ್ಕೆ ಬರುತ್ತಿತ್ತು. ಉದ್ದ 54 ಅಡಿ. ಅಳಿವೆಯ ಹತ್ತಿರ ಏನಕ್ಕೋ ಜೋರಾಗಿ ಬಡಿಯಿತು. ಬೋಟಿಗೆ ನೀರು ನುಗ್ಗಿತು. ಮುಳುಗದಂತೆ ಅದನ್ನು ಹೇಗೋ ಓಡಿಸಿಕೊಂಡು ಬಂದು ದಡಕ್ಕೆ ಏರಿಸಬೇಕಾಯಿತು. ಮರುದಿನ ಹತ್ತಿರದ ಮರಳಿನ ಮೇಲೆ ಒಂದು ಮರಿ ತಿಮಿಂಗಿಲ ಸತ್ತು ಬಿದ್ದಿತ್ತು. ಬೆನ್ನ ಮೇಲೆ ಪ್ರೊಪೆಲ್ಲರ್ ಕಡಿದ ಗಾಯಗಳಿದ್ದವು, ಮೂಳೆ ಮುರಿದಿತ್ತು. ಇನ್ಫಿನಿಟಿ ಎಂಬ ಹೆಸರಿನ ಅದರ ತಾಯಿಯೂ ಗಾಯಗೊಂಡು ಕೆಲವು ದಿನಗಳ ನಂತರ ಕಂಡಿತು. ಬೋಟಿನವರು ಕಾನೂನು ಮುರಿದಿರಲಿಲ್ಲ. 65 ಅಡಿಗಿಂತ ಚಿಕ್ಕ ಬೋಟಿಗೆ ವೇಗದ ಮಿತಿಯೇ ಇರಲಿಲ್ಲ. ಬೋಟಿನಲ್ಲಿದ್ದ ಮನುಷ್ಯರೂ ಅವತ್ತು ಬದುಕಿದ್ದು ದೊಡ್ಡದು, ಅದನ್ನೂ ಮರೆಯಬಾರದು.

ಈ ಕಿಂಡಿ ಮುಚ್ಚಲು ಅಮೆರಿಕದ ಸಾಗರ ಇಲಾಖೆ 2022ರಲ್ಲಿ ಹೊಸ ಪ್ರಸ್ತಾವ ಇಟ್ಟಿತು. 35 ಅಡಿಯಿಂದ ಮೇಲಿನ ಬೋಟುಗಳಿಗೂ ಮಿತಿ ಬರಬೇಕು, ಜಾಗಗಳೂ ವಿಸ್ತಾರವಾಗಬೇಕು ಎಂಬುದು ಅದರ ಸಾರ. ಗಾಳದ ಮೀನುಗಾರಿಕೆಯವರು, ಬೋಟು ತಯಾರಕರು, ಸಣ್ಣ ಬೋಟಿನಲ್ಲಿ ಹೋಗಿ ಹಡಗು ಹತ್ತಿ ಅದನ್ನು ಬಂದರಿಗೆ ನಡೆಸಿಕೊಂಡು ಬರುವ ಪೈಲಟ್‌ಗಳು ವಿರೋಧಿಸಿದರು. ಪೈಲಟ್‌ಗಳ ಮಾತಿನಲ್ಲಿ ತೂಕ ಇತ್ತು. ಒರಟು ಕಡಲಿನಲ್ಲಿ ವೇಗ ಇಲ್ಲದ ಬೋಟು ಹಿಡಿತಕ್ಕೆ ಸಿಗುವುದಿಲ್ಲ. ಆದರೆ ಅದಕ್ಕೆ ವಿನಾಯಿತಿ ಕೊಡಬಹುದಿತ್ತು, ಪ್ರಸ್ತಾವದಲ್ಲೂ ಸುರಕ್ಷತೆಗೆ ವಿನಾಯಿತಿಯ ದಾರಿ ಇತ್ತು. 2025ರ ಜನವರಿಯಲ್ಲಿ ಇಲಾಖೆ ಇಡೀ ಪ್ರಸ್ತಾವವನ್ನು ವಾಪಸ್ ತೆಗೆದುಕೊಂಡಿತು. ನನಗೆ ಇದು ದೊಡ್ಡ ನಷ್ಟ ಅನ್ನಿಸುತ್ತದೆ. ಕೆನಡಾ ಇದೇ ಹೊತ್ತಿನಲ್ಲಿ ಸೇಂಟ್ ಲಾರೆನ್ಸ್ ಕೊಲ್ಲಿಯಲ್ಲಿ 13 ಮೀಟರ್, ಅಂದರೆ ಸುಮಾರು 43 ಅಡಿಗಿಂತ ಉದ್ದದ ಬೋಟುಗಳಿಗೂ 10 ನಾಟ್ ಮಿತಿ ಹಾಕಿ ತೋರಿಸಿದೆ. ಅಲ್ಲಿನ ವ್ಯಾಪಾರ ನಿಂತುಹೋಗಿಲ್ಲ.

ಒಂದೆರಡು ಸಾವಿಗೆ ಇಷ್ಟು ಗಲಾಟೆಯೇ ಎಂದು ಕೇಳುವವರಿದ್ದಾರೆ. ಲೆಕ್ಕ ನೋಡಿ. ಹೆಣ್ಣು ಸುಮಾರು 10 ವರ್ಷಕ್ಕೆ ಮೊದಲ ಮರಿ ಹಾಕುತ್ತದೆ. ಒಂದು ವರ್ಷ ಬಸುರಿ, ಒಂದು ಸಲಕ್ಕೆ ಒಂದೇ ಮರಿ. ಮೊದಲು ಮೂರು ನಾಲ್ಕು ವರ್ಷಕ್ಕೊಮ್ಮೆ ಮರಿ ಹಾಕುತ್ತಿದ್ದವು, ಈಗ ಆ ಅಂತರ ಏಳು ವರ್ಷ ದಾಟಿದೆ. ಹಗ್ಗದ ಗಾಯ, ಊಟದ ಕೊರತೆ, ಒತ್ತಡ ಎಲ್ಲ ಸೇರಿ ಮೈಯಲ್ಲಿ ಕಸುವು ಉಳಿಯುವುದಿಲ್ಲ. ಮನುಷ್ಯರ ಕಾರಣದಿಂದ ವರ್ಷಕ್ಕೆ ಒಂದು ಸತ್ತರೂ ಈ ಜಾತಿ ತಡೆದುಕೊಳ್ಳಲಾರದು ಎಂದು ಅಮೆರಿಕದ ಸರ್ಕಾರಿ ಲೆಕ್ಕವೇ ಹೇಳುತ್ತದೆ. ಆದರೆ 2017ರಲ್ಲಿ ಒಂದೇ ವರ್ಷ 17 ಹೆಣಗಳು ಸಿಕ್ಕವು. ಕಣ್ಣಿಗೆ ಬೀಳುವುದು ಮೂರು ಸಾವುಗಳಲ್ಲಿ ಒಂದು ಮಾತ್ರ ಎಂಬ ಅಂದಾಜೂ ಇದೆ.

ಪಂಕ್ಚುಯೇಶನ್ ಎಂದು ಸಂಶೋಧಕರು ಕರೆಯುತ್ತಿದ್ದ ಹೆಣ್ಣು ತಿಮಿಂಗಿಲವೊಂದಿತ್ತು. ಎಂಟು ಮರಿಗಳ ತಾಯಿ. ಹಗ್ಗದ ಗಾಯ, ಬೋಟಿನ ಗಾಯ ಎರಡನ್ನೂ ತಿಂದು ಬದುಕಿತ್ತು. 2019ರ ಜೂನ್‌ನಲ್ಲಿ ಸೇಂಟ್ ಲಾರೆನ್ಸ್ ಕೊಲ್ಲಿಯಲ್ಲಿ ಹಡಗಿನ ಪೆಟ್ಟಿಗೆ ಸತ್ತಿತು. ಅದಕ್ಕೆ ಆಗ 40 ವರ್ಷವೂ ತುಂಬಿರಲಿಲ್ಲ. ಇನ್ನೂ ಎಷ್ಟು ಮರಿ ಹಾಕಬಹುದಿತ್ತೋ!

ದಾರಿ ಬದಲಿಸುವುದು

ವೇಗ ಇಳಿಸುವುದಕ್ಕಿಂತಲೂ ಒಳ್ಳೆಯ ಉಪಾಯ ಒಂದಿದೆ. ತಿಮಿಂಗಿಲ ಇರುವ ಕಡೆ ಹಡಗು ಹೋಗದೆ ಇರುವುದು.

ಕೆನಡಾದ ಫಂಡಿ ಕೊಲ್ಲಿಯಲ್ಲಿ ಇದನ್ನು 2003ರಲ್ಲಿ ಮಾಡಿದರು. ಹಡಗುಗಳ ದಾರಿ ತಿಮಿಂಗಿಲಗಳು ಮೇಯುವ ಜಾಗದ ಮೇಲೆಯೇ ಹಾದುಹೋಗುತ್ತಿತ್ತು. ಅಲ್ಲಿಗೆ ಬರುವ ತೈಲ ಹಡಗುಗಳ ದೊಡ್ಡ ಕಂಪನಿ ಇರ್ವಿಂಗ್ ಆಯಿಲ್ ತಾನೇ ಈ ಬದಲಾವಣೆಗೆ ಕೈಜೋಡಿಸಿತು. ಅಂತರರಾಷ್ಟ್ರೀಯ ಸಾಗರ ಸಂಸ್ಥೆ ಒಪ್ಪಿತು, ದಾರಿ ಕೆಲವು ಮೈಲಿ ಪೂರ್ವಕ್ಕೆ ಸರಿಯಿತು. ಆ ಜಾಗದಲ್ಲಿ ಡಿಕ್ಕಿಯ ಅಪಾಯ ಬಹುಪಾಲು ಇಳಿಯಿತು. ಹಡಗಿನ ದಾರಿಯನ್ನು ಒಂದು ಪ್ರಾಣಿಗಾಗಿ ಹೀಗೆ ಸರಿಸಿದ್ದು ಅದೇ ಮೊದಲು.

ಆದರೆ ಕಡಲು ಸುಮ್ನೆ ಇರುವುದಿಲ್ಲ. 2010ರಿಂದೀಚೆಗೆ, ಫಂಡಿ ಕೊಲ್ಲಿಯೂ ಸೇರಿರುವ ಮೇನ್ ಕೊಲ್ಲಿ ಬೇಗ ಬಿಸಿಯಾಯಿತು. ಕೋಪೆಪಾಡ್‌ಗಳು ಕಡಿಮೆಯಾದವು. ತಿಮಿಂಗಿಲಗಳು ಊಟ ಹುಡುಕುತ್ತಾ ಉತ್ತರದ ಸೇಂಟ್ ಲಾರೆನ್ಸ್ ಕೊಲ್ಲಿಗೆ ಹೋದವು. ಅಲ್ಲಿ ವೇಗದ ಮಿತಿ ಇರಲಿಲ್ಲ, ಹಗ್ಗಗಳಿಗೆ ನಿಯಮ ಇರಲಿಲ್ಲ. 2017ರ 17 ಸಾವುಗಳಲ್ಲಿ 12 ಕೆನಡಾದಲ್ಲೇ ಆದವು. ನಕ್ಷೆಯ ಮೇಲೆ ಗೆರೆ ಎಳೆದು ಕಾಪಾಡುವ ಕಾನೂನಿಗೆ ಇದೇ ತೊಂದರೆ. ಪ್ರಾಣಿ ಗೆರೆ ದಾಟಿದ ದಿನ ಅದರ ರಕ್ಷಣೆಯೂ ಹೋಗುತ್ತದೆ. ಈಗ ಕೆನಡಾ ವಿಮಾನದಿಂದ, ನೀರೊಳಗಿನ ಮೈಕ್‌ಗಳಿಂದ ತಿಮಿಂಗಿಲಗಳನ್ನು ಹುಡುಕಿ, ಕಂಡ ಕಡೆ ತಕ್ಷಣ ವೇಗ ಇಳಿಸುವಂತೆ ಹಡಗುಗಳಿಗೆ ಹೇಳುತ್ತದೆ. ಖರ್ಚಿನ ಕೆಲಸ, ಆದರೆ ಸರಿಯಾದ ಕೆಲಸ.

ಸದ್ದು ತಿನ್ನುವ ಬದುಕು

ಹೊಡೆತದಿಂದ ಸಾಯುವುದು ಕಣ್ಣಿಗೆ ಕಾಣುತ್ತದೆ. ಕಾಣದ ಇನ್ನೊಂದು ತೊಂದರೆ ಸದ್ದಿನದು.

ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಹೋಗುತ್ತದೆ. ಗಾಳಿಯಲ್ಲಿ ಹೋಗುವುದಕ್ಕಿಂತ ನಾಲ್ಕು ಪಟ್ಟು ಜಾಸ್ತಿ. ದೂರವೂ ಹೋಗುತ್ತದೆ. ಬೆಳಕು ಬೇಗ ಕರಗಿಹೋಗುವ ಕಡಲಿನಲ್ಲಿ ತಿಮಿಂಗಿಲ, ಡಾಲ್ಫಿನ್‌ಗಳು ಕಿವಿಯನ್ನೇ ನಂಬಿ ಬದುಕುತ್ತವೆ. ಜೊತೆ ಹುಡುಕುವುದು, ಮರಿಯನ್ನು ಕರೆಯುವುದು, ದಾರಿ ತಿಳಿಯುವುದು ಎಲ್ಲ ಸದ್ದಿನಿಂದ. ರೈಟ್ ತಿಮಿಂಗಿಲದ ಕೂಗಿನಂತೆ ಹಡಗುಗಳ ಸದ್ದೂ ಕಡಿಮೆ ಕಂಪನದ್ದೇ.

ಮದುವೆ ಛತ್ರದಲ್ಲಿ ವಾಲಗ, ಮೈಕು ಎರಡೂ ಜೋರಾಗಿರುವಾಗ ಪಕ್ಕದಲ್ಲಿ ಕುಳಿತವರ ಹತ್ತಿರ ಮಾತಾಡಬೇಕಾದರೆ ನಾವು ಕಿರುಚುತ್ತೇವೆ, ಇಲ್ಲವೇ ಸುಮ್ಮನಾಗುತ್ತೇವೆ. ತಿಮಿಂಗಿಲಗಳೂ ಎರಡನ್ನೂ ಮಾಡುತ್ತವೆ. ರೈಟ್ ತಿಮಿಂಗಿಲಗಳ ಕೂಗಿನ ಹಳೆಯ, ಹೊಸ ಧ್ವನಿಮುದ್ರಣಗಳನ್ನು ಹೋಲಿಸಿದಾಗ ದಶಕಗಳು ಕಳೆದಂತೆ ಕೂಗಿನ ಸ್ವರ ಏರಿರುವುದು ಕಂಡಿತು. ಆದರೆ ಎಳೆಯ ಮರಿ ಇರುವ ತಾಯಿ ಹೀಗೆ ಕೂಗುವುದಿಲ್ಲ. ಬೇಟೆಯ ಪ್ರಾಣಿಗಳಿಗೆ ಕೇಳಬಾರದೆಂದು ತೀರಾ ಮೆಲ್ಲಗೆ, ಪಿಸುಗುಟ್ಟುವಷ್ಟು ಸಣ್ಣ ಸದ್ದು ಮಾಡುತ್ತದೆ. ಎಂಜಿನ್ ಸದ್ದಿನಲ್ಲಿ ಮೊದಲು ಮುಳುಗಿಹೋಗುವುದು ಈ ಪಿಸುಮಾತೇ.

ಸದ್ದು ತಿಮಿಂಗಿಲದ ಮೈಗೆ ಏನು ಮಾಡುತ್ತದೆ ಎಂದು ತಿಳಿಯುವುದು ಹೇಗೆ? ಜಗತ್ತಿನ ಹಡಗುಗಳನ್ನೆಲ್ಲ ಕೆಲವು ದಿನ ನಿಲ್ಲಿಸಿ ನೋಡಲು ಆಗುವುದಿಲ್ಲ. ಆದರೆ ಒಮ್ಮೆ ಒಂದು ಕಡೆ ಸ್ವಲ್ಪ ಹಾಗೆಯೇ ಆಯಿತು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್ ಮೇಲೆ ದಾಳಿಯಾದ ಮೇಲೆ ಕೆಲವು ದಿನ ಹಡಗು ಸಂಚಾರ ತಗ್ಗಿತು. ಫಂಡಿ ಕೊಲ್ಲಿಯಲ್ಲಿ ಆಗ ಎರಡು ತಂಡಗಳು ಬೇರೆಬೇರೆ ಕೆಲಸದಲ್ಲಿದ್ದವು. ಒಂದು ತಂಡ ತಿಮಿಂಗಿಲಗಳ ಸದ್ದು ಮುದ್ರಿಸಿಕೊಳ್ಳುತ್ತಿತ್ತು. ರೋಸಲಿಂಡ್ ರೋಲೆಂಡ್ ಅವರ ತಂಡ ತಿಮಿಂಗಿಲಗಳ ಸಗಣಿ ಸಂಗ್ರಹಿಸುತ್ತಿತ್ತು. ಸಗಣಿಯಲ್ಲಿ ಒತ್ತಡದ ಹಾರ್ಮೋನು ಅಳೆಯಬಹುದು. ವರ್ಷಗಳ ನಂತರ ಎರಡೂ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಆ ದಿನಗಳಲ್ಲಿ ನೀರೊಳಗಿನ ಸದ್ದು 6 ಡೆಸಿಬಲ್ ಇಳಿದಿತ್ತು. ತಿಮಿಂಗಿಲಗಳ ಒತ್ತಡದ ಹಾರ್ಮೋನೂ ಇಳಿದಿತ್ತು. ಬೇರೆ ವರ್ಷಗಳ ಅದೇ ತಿಂಗಳಲ್ಲಿ ಅಂಥ ಇಳಿಕೆ ಕಂಡಿರಲಿಲ್ಲ. 2012ರಲ್ಲಿ ಇದು ಪ್ರಕಟವಾಯಿತು. ಸದಾ ಒತ್ತಡದಲ್ಲಿರುವ ಮೈಗೆ ಬಸುರು ನಿಲ್ಲುವುದು ಕಷ್ಟ, ರೋಗ ತಡೆಯುವುದೂ ಕಷ್ಟ.

ಖಂಡದ ಆಚೆ ಬದಿಯಲ್ಲಿ, ಸಿಯಾಟಲ್ ಮತ್ತು ವ್ಯಾಂಕೂವರ್ ನಗರಗಳ ನಡುವಿನ ಕಡಲಿನಲ್ಲಿ, ಓರ್ಕಾಗಳ ಒಂದು ಸಣ್ಣ ಕುಲ ಇದೆ. ಸದರ್ನ್ ರೆಸಿಡೆಂಟ್ ಎಂದು ಅವುಗಳ ಹೆಸರು. ಜೆ, ಕೆ, ಎಲ್ ಎಂಬ ಮೂರು ಕುಟುಂಬ ಸೇರಿ 75ರ ಒಳಗೇ ಇವೆ. 2018ರಲ್ಲಿ ಟಾಲೆಕ್ವಾ ಎಂಬ ತಾಯಿ ಓರ್ಕಾ ಸತ್ತ ಮರಿಯನ್ನು 17 ದಿನ ಹೊತ್ತು ತಿರುಗಿತ್ತಲ್ಲ, ಅದು ಈ ಕುಲದ್ದೇ. ಇವು ಮುಖ್ಯವಾಗಿ ತಿನ್ನುವುದು ಚಿನೂಕ್ ಎಂಬ ಸಾಲ್ಮನ್ ಮೀನನ್ನು. ಆ ಮೀನು ಈಗ ಮೊದಲಿನಷ್ಟಿಲ್ಲ. ಇರುವ ಮೀನನ್ನು ಕತ್ತಲಿನ ನೀರಿನಲ್ಲಿ ಹಿಡಿಯಲು ಓರ್ಕಾ ಟಕಟಕ ಸದ್ದು ಮಾಡಿ, ಅದರ ಪ್ರತಿಧ್ವನಿ ಕೇಳಿ, ಮೀನು ಎಲ್ಲಿದೆ ಎಂದು ತಿಳಿಯುತ್ತದೆ. ಹತ್ತಿರದಲ್ಲಿ ಬೋಟಿನ ಸದ್ದಿದ್ದರೆ ಪ್ರತಿಧ್ವನಿ ಕೇಳಿಸುವುದಿಲ್ಲ. ಬೋಟುಗಳು 400 ಗಜದೊಳಗೆ ಬಂದಾಗ ಇವು ಬೇಟೆಯ ಮುಳುಗು ಕಡಿಮೆ ಮಾಡುತ್ತವೆ, ಹೆಣ್ಣುಗಳು ಬೇಟೆಯನ್ನೇ ನಿಲ್ಲಿಸಿಬಿಡುವುದು ಜಾಸ್ತಿ ಎಂದು 2021ರ ಅಧ್ಯಯನದಲ್ಲಿ ಕಂಡುಬಂತು. ಬಸುರಿಗೆ, ಬಾಣಂತಿಗೆ ಒಂದು ಹೊತ್ತಿನ ಊಟ ತಪ್ಪಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ವಿಷಾದದ ಸಂಗತಿ ಏನೆಂದರೆ ಇವನ್ನು ಸುತ್ತುವರಿಯುತ್ತಿದ್ದ ಬೋಟುಗಳಲ್ಲಿ ಬಹಳಷ್ಟು ಇವನ್ನು ಪ್ರೀತಿಯಿಂದ ನೋಡಲು ಬಂದವರದ್ದೇ. ವಾಷಿಂಗ್ಟನ್ ರಾಜ್ಯದಲ್ಲಿ 2025ರಿಂದ 1,000 ಗಜ ದೂರ ಇರಬೇಕೆಂಬ ಕಾನೂನು ಬಂದಿದೆ.

ಇಲ್ಲಿಯೂ ವೇಗವೇ ಮುಖ್ಯ. ಪ್ರೊಪೆಲ್ಲರ್ ಜೋರಾಗಿ ತಿರುಗಿದಾಗ ಅದರ ಅಲಗಿನ ಹಿಂದೆ ಒತ್ತಡ ಕುಸಿದು ನೀರಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ. ಆ ಗುಳ್ಳೆಗಳು ಒಡೆಯುವ ಸದ್ದೇ ಹಡಗಿನ ಸದ್ದಿನ ಬಹುಪಾಲು. ನಿಧಾನವಾಗಿ ಹೋದರೆ ಗುಳ್ಳೆ ಕಡಿಮೆ, ಸದ್ದೂ ಕಡಿಮೆ. ಓರ್ಕಾಗಳ ಕಿವಿಗೆ ಬೀಳುವ ಸದ್ದು ಎಷ್ಟು ಎಂಬುದನ್ನು ಬೋಟಿನ ಗಾತ್ರಕ್ಕಿಂತ ಅದರ ವೇಗವೇ ಜಾಸ್ತಿ ನಿರ್ಧರಿಸುತ್ತದೆ. ವ್ಯಾಂಕೂವರ್ ಬಂದರು 2017ರಿಂದ ಹ್ಯಾರೋ ಜಲಸಂಧಿಯಲ್ಲಿ ಓರ್ಕಾಗಳ ಕಾಲದಲ್ಲಿ ನಿಧಾನಕ್ಕೆ ಹೋಗಿ ಎಂದು ಹಡಗುಗಳನ್ನು ಕೇಳಿಕೊಳ್ಳುತ್ತಿದೆ. ಕಡ್ಡಾಯ ಅಲ್ಲ. ಆದರೂ ಹೆಚ್ಚಿನ ಹಡಗುಗಳು ಒಪ್ಪುತ್ತಿವೆ, ಸದ್ದು ಅಳತೆಯಲ್ಲೇ ಇಳಿದಿದೆ. ಸದ್ದು ಕಡಿಮೆ ಮಾಡುವ ಹಡಗುಗಳಿಗೆ ಬಂದರಿನ ಶುಲ್ಕದಲ್ಲಿ ರಿಯಾಯಿತಿಯೂ ಇದೆ.

ನಮ್ಮ ಕಡಲಿನಲ್ಲಿ

ಇದೆಲ್ಲ ದೂರದ ಮಾತಲ್ಲ. ಮಂಗಳೂರಿನಿಂದ ಸಿಂಗಾಪುರದ ಕಡೆ ಹೊರಟ ದೊಡ್ಡ ಹಡಗು ಶ್ರೀಲಂಕಾದ ದಕ್ಷಿಣ ತುದಿಯನ್ನು ಸುತ್ತಿಕೊಂಡೇ ಹೋಗಬೇಕು. ಅಲ್ಲಿನ ಡೋಂಡ್ರಾ ಹೆಡ್ ಬಳಿ ಜಗತ್ತಿನ ಅತಿ ದಟ್ಟ ಹಡಗು ದಾರಿಗಳಲ್ಲಿ ಒಂದು ಇದೆ. ಅದೇ ನೀರಿನಲ್ಲಿ ನೀಲಿ ತಿಮಿಂಗಿಲಗಳು ಮೇಯುತ್ತವೆ. ದಾರಿಯನ್ನು 15 ನಾಟಿಕಲ್ ಮೈಲಿ ದಕ್ಷಿಣಕ್ಕೆ ಸರಿಸಿದರೆ ಡಿಕ್ಕಿಯ ಅಪಾಯ ನೂರಕ್ಕೆ 95ರಷ್ಟು ಇಳಿಯುತ್ತದೆ ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಎಂಎಸ್‌ಸಿ ಎಂಬ ದೊಡ್ಡ ಹಡಗು ಕಂಪನಿ 2022ರಲ್ಲಿ ತನ್ನ ಹಡಗುಗಳನ್ನು ತಾನಾಗಿಯೇ ದಕ್ಷಿಣಕ್ಕೆ ಸರಿಸಿತು. ಎಲ್ಲ ಕಂಪನಿಗಳೂ ಇದನ್ನು ಮಾಡಬೇಕು. ದೂರ ಹೆಚ್ಚಾಗುವುದು ಕೆಲವೇ ಮೈಲಿ.

ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್ ತಿಮಿಂಗಿಲಗಳ ಕಥೆಯೂ ಇದೆ. ಬೇರೆ ಹಂಪ್‌ಬ್ಯಾಕ್‌ಗಳು ಧ್ರುವದ ಕಡೆಗೆ ವಲಸೆ ಹೋಗುತ್ತವೆ. ಇವು ವರ್ಷವಿಡೀ ಇಲ್ಲೇ ಇರುತ್ತವೆ. ಒಮಾನ್ ತೀರದಲ್ಲಿ ಎಣಿಕೆ ಮಾಡಿದಾಗ ನೂರು ಕೂಡ ಸಿಗಲಿಲ್ಲ. ಅಲ್ಲಿ 2017ರಲ್ಲಿ ಲುಬಾನ್ ಎಂಬ ಹೆಣ್ಣಿಗೆ ಉಪಗ್ರಹದ ಟ್ಯಾಗ್ ಹಾಕಿದ್ದರು. ಅದು ಇಡೀ ಅರಬ್ಬಿ ಸಮುದ್ರ ದಾಟಿ ಗೋವಾ ಬಳಿಗೆ ಬಂತು, ಅಲ್ಲಿಂದ ಪಶ್ಚಿಮ ಕರಾವಳಿಯ ಉದ್ದಕ್ಕೂ ದಕ್ಷಿಣಕ್ಕೆ ಹೋಯಿತು. ಕೊಲ್ಲಿ ದೇಶಗಳಿಂದ ಭಾರತಕ್ಕೆ ತೈಲ ತರುವ ಹಡಗುಗಳೂ ದಾಟುವುದು ಇದೇ ಸಮುದ್ರವನ್ನು.

ಇನ್ನು ದಡಕ್ಕೇ ಬಂದರೆ, ಕಾರವಾರದ ಕಾಳಿ ನದಿ ಅಳಿವೆಯ ಸುತ್ತಮುತ್ತ ಹಂಪ್‌ಬ್ಯಾಕ್ ಡಾಲ್ಫಿನ್‌ಗಳಿವೆ. ಆಳ ಇಲ್ಲದ ನೀರೇ ಇವಕ್ಕೆ ಇಷ್ಟ. ಹಾಗಾಗಿ ಟ್ರಾಲ್ ಬೋಟು, ಪರ್ಸೀನ್ ಬೋಟು, ನಾಡದೋಣಿ, ಪ್ರವಾಸಿ ಬೋಟು ಎಲ್ಲದರ ದಾರಿಯಲ್ಲೂ ಇವೇ ಸಿಗುತ್ತವೆ. ಜಾಗತಿಕ ಕೆಂಪುಪಟ್ಟಿಯಲ್ಲಿ ಇವು ಅಳಿವಿನಂಚಿನಲ್ಲಿವೆ. ನಮ್ಮ 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ ಹುಲಿಯ ಜೊತೆಗೇ ಇವುಗಳ ಹೆಸರಿದೆ. ಇವಕ್ಕೆ ದೊಡ್ಡ ಅಪಾಯ ಮೀನಿನ ಬಲೆ, ಅದು ನಿಜ. ಆದರೆ ಡಾಲ್ಫಿನ್ ತೋರಿಸುವ ಬೋಟುಗಳು ಗುಂಪಿನ ಹಿಂದೆ ಓಡುವುದು, ಎರಡು ಮೂರು ಬೋಟು ಸೇರಿ ಸುತ್ತುವರಿಯುವುದು, ಮರಿ ಇರುವ ಗುಂಪನ್ನು ಸೀಳಿಕೊಂಡು ಹೋಗುವುದು ಇವನ್ನು ತಡೆಯಲು ದೊಡ್ಡ ಯೋಜನೆ ಬೇಕಿಲ್ಲ.

ಬೋಟಿನವರು ಹಾಗೆ ಓಡಿಸುವುದು ಹೆಚ್ಚಾಗಿ ನಮಗಾಗಿ. ಹತ್ತಿರ ಹೋಗಿ, ಇನ್ನೂ ಹತ್ತಿರ ಹೋಗಿ ಎಂದು ಮೊಬೈಲ್ ಹಿಡಿದುಕೊಂಡು ಕೂಗುವುದು ನಾವೇ. ಮುಂದಿನ ಸಲ ಕಾರವಾರಕ್ಕೋ ಮುರುಡೇಶ್ವರಕ್ಕೋ ಹೋದಾಗ ಹೊರಡುವ ಮೊದಲೇ ಬೋಟಿನ ಅಣ್ಣನಿಗೆ ಹೇಳಿಬಿಡಿ: ಡಾಲ್ಫಿನ್ ಕಂಡರೆ ಎಂಜಿನ್ ನಿಧಾನ ಮಾಡಿ, ದೂರದಲ್ಲೇ ಇರಿ, ಅವುಗಳ ದಾರಿಗೆ ಅಡ್ಡ ಹೋಗಬೇಡಿ, ಅವೇ ಹತ್ತಿರ ಬಂದರೆ ಗೇರ್ ತೆಗೆದು ಪ್ರೊಪೆಲ್ಲರ್ ನಿಲ್ಲಿಸಿ. ಡಾಲ್ಫಿನ್ ಕಾಣದೇ ಹೋದರೂ ಮಾತಾಡಿದ ಬಾಡಿಗೆಯನ್ನು ಪೂರ್ತಿ ಕೊಡುತ್ತೇವೆ ಎಂದೂ ಹೇಳಿ, ಹಾಗೇ ಕೊಡಿ.